ಅತ್ತಿಗೆಯ ಚಿತ್ರಕ್ಕೆ ನಾನು ಬರೆದ ವಿಮರ್ಶೆ

ನಂಜನಗೂಡಿನಲ್ಲಿ ಒಂದು ಸಿನಿಮಾ ಉತ್ಸವ ಮಾಡೋಣ ಎಂದು ಮೊದಲು ಹೊರಟವರು ನಮ್ಮೂರ ಕಾಲೇಜಿನ ಕನ್ನಡ ಮೇಷ್ಟ್ರು. ಪಕ್ಕದ ತಾಂಡ್ಯದ ಕಾರ್ಖಾನೆಗಳಲ್ಲಿ ಕೆಲಸ ಮಾಡುವ ನಾಲ್ಕಾರು ಸಿನಿಮಾ ಹುಚ್ಚಿನವರು ಅವರ ಜೊತೆ ಸೇರಿಕೊಂಡರು. ಥಿಯೇಟರಿನಲ್ಲಿ ನೋಡಸಿಗುವುದನ್ನೇ ತೋರಿಸುವುದಾದರೆ ಉತ್ಸವ ಯಾಕೆ ಬೇಕು ಎಂದು ಹೋಟೆಲಿನಲ್ಲಿ ಕೂತು ಗಂಟೆಗಟ್ಟಲೆ ವಾದ ಮಾಡಿದರು. ಕೊನೆಗೆ ದೊಡ್ಡ ನಟರಿಲ್ಲದ, ನಿರ್ಮಾಪಕರಿಲ್ಲದ, ಯಾರೋ ಮನೆಮಂದಿಯನ್ನೂ ಸ್ನೇಹಿತರನ್ನೂ ಕೂಡಿಸಿಕೊಂಡು ವಿಡಿಯೋ ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳನ್ನಷ್ಟೇ ಹಾಕುವುದು, ಮೊದಲ ಸಲ ಬರೀ ಹಾಸ್ಯದವು ಎಂದು ಗೊತ್ತಾಯಿತು. ಆಷಾಢದಲ್ಲಿ ಮದುವೆಗಳಿರುವುದಿಲ್ಲ. ಹಾಗಾಗಿ ಕಲ್ಯಾಣ ಮಂಟಪ ಸುಲಭವಾಗಿ ಸಿಕ್ಕಿತು. ಹೊಸ ಶತಮಾನ ಶುರುವಾಗಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ.

ನಾನು ಆಗ ತಾಲ್ಲೂಕು ಕಚೇರಿಯಲ್ಲಿ ಟೈಪಿಸ್ಟ್. ಅದರ ಜೊತೆಗೆ ಮೈಸೂರಿನ ಒಂದು ಸಂಜೆ ಪತ್ರಿಕೆಗೆ ಸಿನಿಮಾ ವಿಮರ್ಶೆ ಬರೆಯುತ್ತಿದ್ದೆ. ಅದು ಶುರುವಾದದ್ದು ಹೀಗೇ ಸುಮ್ಮನೆ. ಅವರು ಪ್ರಕಟಿಸಿದ್ದ ಒಂದು ವಿಮರ್ಶೆ ಓದಿ ಸಿಟ್ಟು ಬಂದು, ಈ ಮನುಷ್ಯ ಸಿನಿಮಾ ನೋಡಿಯೇ ಇಲ್ಲ ಎಂದು ಪತ್ರಿಕೆಗೆ ಬರೆದಿದ್ದೆ. ಹಾಗಾದರೆ ನೀವೇ ಬರೆಯಿರಿ ಎಂದರು ಸಂಪಾದಕರು. ಅಂದಿನಿಂದ ಊಟದ ಬಿಡುವಿನಲ್ಲಿ ವಿಮರ್ಶೆ ಟೈಪ್ ಮಾಡಿ, ಮೈಸೂರಿಗೆ ಹೋಗುವ ಬಸ್ಸಿನ ಡ್ರೈವರ್ ಕೈಗೆ ಕವರು ಕೊಟ್ಟು ಕಳಿಸುವುದು ರೂಢಿಯಾಗಿತ್ತು. ಉತ್ಸವದ ಸುದ್ದಿ ತಿಳಿದ ಸಂಪಾದಕರು, "ಅಷ್ಟೂ ಚಿತ್ರ ನೋಡಿ, ದಿನಕ್ಕೊಂದು ಬರಹ ಕಳಿಸಿಬಿಡಿ" ಎಂದು ಫೋನು ಮಾಡಿದರು. ನಾನು ಒಪ್ಪಿಕೊಂಡೆ. ಆ ಪಟ್ಟಿಯಲ್ಲಿ ನಮ್ಮ ಅತ್ತಿಗೆಯ ಚಿತ್ರವೂ ಸೇರುತ್ತದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಅತ್ತಿಗೆ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ.

ನನ್ನ ಅಣ್ಣನಿಗೆ ನರಸೀಪುರದ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಫೋಟೋ ಸ್ಟುಡಿಯೋ ಇತ್ತು. ತೊಂಬತ್ತರ ದಶಕದ ನಡುವೆ ಅವನು ವಿಡಿಯೋ ಕ್ಯಾಮೆರಾ ಕೊಂಡ. ಸುತ್ತಿನ ಊರುಗಳ ಮದುವೆಗಳೆಲ್ಲ ಅವನ ಪಾಲಾದವು. ಅತ್ತಿಗೆ ಮೂಗೂರಿನವರು. ನಮ್ಮ ಮನೆಗೆ ಸೊಸೆಯಾಗಿ ಬಂದ ಮೊದಲ ವಾರವೇ ಅವರು ಎಂಥವರೆಂದು ನಮಗೆ ತಿಳಿದುಹೋಗಿತ್ತು. ಹಬ್ಬದ ಅಡುಗೆ ನಡೆಯುತ್ತಿತ್ತು. ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಅಡುಗೆಮನೆಯಲ್ಲಿ ನಾವು ಐದಾರು ಹೆಂಗಸರು ಒತ್ತಿಕೊಂಡಿದ್ದೆವು. ಅತ್ತಿಗೆ ತಲೆಯ ಮೇಲೆ ನೀರಿನ ಬಿಂದಿಗೆ ಹೊತ್ತು ಬಾಗಿಲಲ್ಲಿ ನಿಂತು, "ಸೋಸ್ಲೆ, ಸೋಸ್ಲೆ! ಒಳಿಕ್ಕೆ ನಡೀರಿ, ಇಂದೆ ಖಾಲಿ ಐತೆ!" ಎಂದು ಸೋಸಲೆ ಊರಿನ ಬಸ್ಸಿನ ಕಂಡಕ್ಟರನ ಗಂಟಲಲ್ಲಿ ಕೂಗಿದರು. ನಮ್ಮ ಅವ್ವ ಕೂಡ ಸೌಟು ಕೆಳಗಿಟ್ಟು ನಕ್ಕಳು. ಅತ್ತಿಗೆ ಮಾತ್ರ ನಗಲಿಲ್ಲ. ಅವರು ಯಾವತ್ತೂ ನಗುತ್ತಿರಲಿಲ್ಲ. ಎಲ್ಲರನ್ನೂ ನಗಿಸಿ, ಇವರಿಗೆಲ್ಲ ಏನಾಯಿತು ಎನ್ನುವಂತೆ ಮುಖ ಮುಖ ನೋಡುತ್ತಿದ್ದರು. ಅವರ ಆ ನೋಟಕ್ಕೆ ನಮಗೆ ಇನ್ನಷ್ಟು ನಗು ಬರುತ್ತಿತ್ತು.

ಸಿನಿಮಾ ತೆಗೆಯುವ ಯೋಚನೆ ಹುಟ್ಟಿದ್ದು ಒಂದು ಮದುವೆಯ ಕ್ಯಾಸೆಟ್ಟಿನಿಂದ. ಅಣ್ಣ ಕೂತು ಅದನ್ನು ಜೋಡಿಸುತ್ತಿದ್ದಾಗ ಹಸಿರು ಸೀರೆಯ ಒಬ್ಬ ಹೆಂಗಸು ಎಲ್ಲ ಕಡೆಯೂ ಕಾಣಿಸಿಕೊಂಡಳು. ಧಾರೆಯಲ್ಲೂ ಇದ್ದಾಳೆ, ಊಟದ ಪಂಕ್ತಿಯಲ್ಲೂ ಇದ್ದಾಳೆ, ಹುಡುಗಿಯನ್ನು ಕಳಿಸಿಕೊಡುವಾಗ ಕಣ್ಣೊರೆಸಿಕೊಳ್ಳುತ್ತಲೂ ಇದ್ದಾಳೆ. ಕ್ಯಾಸೆಟ್ ತಗೊಳ್ಳಲು ಬಂದವರನ್ನು ಕೇಳಿದರೆ ಹೆಣ್ಣಿನವರು ಆಕೆ ಗಂಡಿನ ಕಡೆಯವಳು ಅಂದರು, ಗಂಡಿನವರು ಹೆಣ್ಣಿನ ಕಡೆಯವಳು ಅಂದರು. ಅಣ್ಣ ಮನೆಗೆ ಬಂದು ಇದನ್ನು ಹೇಳಿದಾಗ ಅತ್ತಿಗೆ ರಾಗಿ ಮುದ್ದೆ ಕಟ್ಟುತ್ತಿದ್ದವರು ಕೈ ನಿಲ್ಲಿಸದೆ, "ನಾನಾಗಿದ್ರೆ ಇನ್ನೂ ಚೆಂದಾಗಿ ಮಾಡ್ತಿದ್ದೆ ಕಣ್ರೀ" ಅಂದರು.

ಅವರು ಮಾಡಿಯೂ ತೋರಿಸಿದರು. ಅಣ್ಣ ಎಲ್ಲಿ ಮದುವೆ ವಿಡಿಯೋಗೆ ಹೋಗುತ್ತಿದ್ದನೋ ಅಲ್ಲಿಗೆ ಅತ್ತಿಗೆಯೂ ಹೋಗತೊಡಗಿದರು. ಹೆಣ್ಣಿನ ತಂದೆಯೊಬ್ಬರಿಗೆ ಮಾತ್ರ ವಿಷಯ ಹೇಳಿ ಒಪ್ಪಿಸಿರುತ್ತಿದ್ದ. ಮಿಕ್ಕವರಿಗೆ ಏನೂ ಗೊತ್ತಿಲ್ಲ. ಅತ್ತಿಗೆ ಒಳಗೆ ಹೋಗಿ, ಹೂವು ಯಾಕೆ ಇನ್ನೂ ಬಂದಿಲ್ಲ ಎಂದು ಯಾರನ್ನೋ ಗದರುತ್ತಿದ್ದರು. ಅಡುಗೆಯವರ ಹತ್ತಿರ ಹೋಗಿ ಸಾರಿನ ಉಪ್ಪು ನೋಡುತ್ತಿದ್ದರು. ಅರ್ಧ ಗಂಟೆಯಲ್ಲಿ ಎರಡೂ ಕಡೆಯ ಜನ ಅವರನ್ನು ಕೇಳದೆ ಒಂದು ಹೆಜ್ಜೆ ಇಡುತ್ತಿರಲಿಲ್ಲ. ಅಣ್ಣ ಇದನ್ನೆಲ್ಲ ಹಿಡಿದು, ಕರೆಯದ ಮದುವೆಗಳಿಗೆ ಹೋಗಿ ಎಲ್ಲರಿಗೂ ಹಿರಿಯಳಾಗಿಬಿಡುವ ಹೆಂಗಸೊಬ್ಬಳ ಕಥೆಯಾಗಿ ಜೋಡಿಸುತ್ತಿದ್ದ. ಚಿತ್ರಕ್ಕೆ 'ಯಾವ ಕಡೆಯವರು' ಎಂದು ಹೆಸರಿಟ್ಟ.

ಒಂದು ಸಲ ಅತ್ತಿಗೆ ನಂಜನಗೂಡಿನ ನನ್ನ ಮನೆಗೆ ಬಂದಿದ್ದಾಗ, "ಅತ್ತಿಗೆ, ಗುರುತಿಲ್ಲದವರ ನಡುವೆ ಹೋಗಿ ನಿಲ್ಲಕ್ಕೆ ಭಯ ಆಗಲ್ವಾ?" ಎಂದು ಕೇಳಿದೆ.

ಅವರು ಅವರೆಕಾಯಿ ಸುಲಿಯುತ್ತಾ ಕೂತಿದ್ದರು. "ಗುರ್ತಿದ್ದೋರ ಮದ್ವೇಲೇ ಕಣವ್ವ ನಂಗೆ ಭಯ. ಮಕ್ಕಳಿಲ್ದೋಳು ಅಂತ ನನ್ನ ಆರತಿಗೆ ಕರಿಯಕಿಲ್ಲ. ನಾನೇ ಇಂದಕ್ಕೆ ಸರ್ಕೋಬೇಕು, ಅವ್ರ್ಗೂ ಮುಜುಗರ ಆಗ್ಬಾರ್ದಲ್ಲ. ಇಲ್ಲಿ ಯಾರಿಗೇನ್ ಗೊತ್ತು? 'ಅಮ್ಮ, ನೀವೇ ಮುಂದೆ ಬನ್ನಿ' ಅಂತ ತಟ್ಟೆ ಕೈಗ್ ಕೊಡ್ತಾರೆ. ಓದ್ ತಿಂಗ್ಳು ಮೂರ್ ಕಡೆ ಆರತಿ ಎತ್ತಿದೀನಿ." ಎಂದಿನಂತೆ ಮುಖದಲ್ಲಿ ನಗುವಿರಲಿಲ್ಲ. ನಾನು ನಗಬೇಕೋ ಬೇಡವೋ ತಿಳಿಯದೆ ಒಂದು ಹಿಡಿ ಅವರೆಕಾಯಿ ಎತ್ತಿಕೊಂಡು ಸುಲಿಯತೊಡಗಿದೆ.

ಚಿತ್ರ ಮುಕ್ಕಾಲು ಭಾಗ ಆಗಿತ್ತು ಅನ್ನುವಾಗ ಅತ್ತಿಗೆಗೆ ಹೊಟ್ಟೆ ನೋವು ಶುರುವಾಯಿತು. ಊಟ ಸೇರುತ್ತಿರಲಿಲ್ಲ. ಮದುವೆ ಊಟ ಜಾಸ್ತಿಯಾಗಿದೆ ಎಂದು ನಾವೆಲ್ಲ ತಮಾಷೆ ಮಾಡಿದೆವು. ಅವರೂ ಹಾಗೇ ಹೇಳಿಕೊಂಡು ಓಡಾಡಿದರು. ಕಷಾಯ ಆಯಿತು, ಊರ ಡಾಕ್ಟರ ಮಾತ್ರೆ ಆಯಿತು. ಮೈಸೂರಿಗೆ ಕರೆದುಕೊಂಡು ಹೋಗುವ ಹೊತ್ತಿಗೆ ಹೊಟ್ಟೆಯೊಳಗಿನ ಗಡ್ಡೆ ಬೆಳೆದುಬಿಟ್ಟಿತ್ತು. ಆಪರೇಷನ್ ಮಾಡಿ ಪ್ರಯೋಜನವಿಲ್ಲ ಎಂದು ದೊಡ್ಡ ಡಾಕ್ಟರು ಅಣ್ಣನನ್ನು ಹೊರಗೆ ಕರೆದು ಹೇಳಿದರು. ಅಣ್ಣ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟ. ನಾನು ಪಕ್ಕದಲ್ಲಿ ನಿಂತಿದ್ದೆ. ಒಳಗಿನಿಂದ ಅತ್ತಿಗೆ ತಾವೇ ನಡೆದು ಬಂದು, "ಏನಂತೆ? ನಂಗೂ ಏಳಿ. ನನ್ ಒಟ್ಟೆ ತಾನೆ?" ಎಂದರು. ಅಣ್ಣ ಸರಿದು ಪಕ್ಕದಲ್ಲಿ ಅವರಿಗೆ ಜಾಗ ಮಾಡಿಕೊಟ್ಟ. ಅವರಿಗೆ ಅಷ್ಟರಲ್ಲೇ ತಿಳಿದುಹೋಯಿತು.

ಸಿನಿಮಾ ಅಲ್ಲಿಗೇ ನಿಂತಿತು ಎಂದುಕೊಂಡಿದ್ದೆವು. ನಿಲ್ಲಿಸಲು ಅತ್ತಿಗೆ ಬಿಡಲಿಲ್ಲ. "ಊಟದ್ ಸೀನು ಬಾಕಿ ಐತೆ. ಮದ್ವೆ ಸಿನಿಮಾದಾಗೆ ಊಟಾನೇ ಇಲ್ದಿದ್ರೆ ಜನ ಉಗೀತಾರೆ" ಎಂದು ಹಟ ಹಿಡಿದರು. ನರಸೀಪುರದಲ್ಲೇ ಒಂದು ಮದುವೆ ಇತ್ತು. ಅತ್ತಿಗೆಯನ್ನು ನೋಡಿಕೊಳ್ಳಲು ನಾನೂ ರಜೆ ಹಾಕಿ ಹೋದೆ. ಸೀರೆ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ, ಪಿನ್ನುಗಳನ್ನು ಹಾಕಿ ಬಿಗಿದೆ. ಪಂಕ್ತಿಯಲ್ಲಿ ಬಿಳಿ ರುಮಾಲಿನ ಒಬ್ಬ ಯಜಮಾನರ ಪಕ್ಕ ಅವರನ್ನು ಕೂರಿಸಿದೆವು. ಎಲೆಗೆ ಒಬ್ಬಟ್ಟು ಬಂತು. ಆ ಹೊತ್ತಿಗೆ ಅವರಿಗೆ ಗಂಜಿಯೂ ಇಳಿಯುತ್ತಿರಲಿಲ್ಲ. ಏನು ಮಾಡುತ್ತಾರೋ ಎಂದು ನಾನು ಕಂಬದ ಮರೆಯಲ್ಲಿ ನಿಂತು ನೋಡುತ್ತಿದ್ದೆ. ಯಜಮಾನರು ಅವರ ಕಡೆ ತಿರುಗಿ ಹುಡುಗನ ಕೆಲಸದ ಬಗ್ಗೆ ಏನೋ ಕೇಳಿದರು. ಅತ್ತಿಗೆ ಬಹಳ ಗಂಭೀರವಾಗಿ ಉತ್ತರ ಹೇಳುತ್ತಾ, ತಮ್ಮ ಎಲೆಯ ಒಬ್ಬಟ್ಟನ್ನು ಮಡಿಸಿ ಯಜಮಾನರ ಎಲೆಗೆ ಸರಿಸಿದರು. ಯಜಮಾನರು ಮಾತಿನ ಗುಂಗಿನಲ್ಲೇ ಅದನ್ನು ತಿಂದರು. ಆಮೇಲೆ ಪಲ್ಯ ಹೋಯಿತು, ಕೋಸಂಬರಿ ಹೋಯಿತು, ವಡೆ ಹೋಯಿತು. ಪಾಯಸದ ದೊನ್ನೆಯೂ ಹೋಯಿತು. ಯಜಮಾನರು ಎಲ್ಲವನ್ನೂ ಉಂಡು, ಕೊನೆಗೆ ಅತ್ತಿಗೆಯ ಖಾಲಿ ಎಲೆ ನೋಡಿ ಬಡಿಸುವವನನ್ನು ಕರೆದು, "ಏಯ್, ಈಯಮ್ಮ ಚೆನ್ನಾಗಿ ಉಣ್ತಾವ್ರೆ, ಇನ್ನೊಂದಷ್ಟು ಆಕಯ್ಯ" ಎಂದರು. ಅತ್ತಿಗೆ ಕ್ಯಾಮೆರಾದ ಕಡೆ ಒಂದೇ ಒಂದು ಸಲ ಕಣ್ಣು ಎತ್ತಿದರು.

ಎಲೆಯಿಂದ ಎದ್ದವರು ಹಿತ್ತಲ ನಲ್ಲಿಯ ಹತ್ತಿರ ಗೋಡೆ ಹಿಡಿದು ಬಹಳ ಹೊತ್ತು ನಿಂತರು. ನಾನು ಬೆನ್ನು ಸವರಿದೆ. ಉಸಿರು ಹತೋಟಿಗೆ ಬಂದ ಮೇಲೆ ಅವರು ಕೇಳಿದ್ದು, "ಚೆಂದಾಗಿ ಬಂತಾ?" ಎಂದು.

ಕಥೆಗೆ ಅಣ್ಣ ಬೇರೆಯೇ ಕೊನೆ ಯೋಚಿಸಿದ್ದ. ಸುಳ್ಳು ಗೊತ್ತಾಗಿ ಎರಡೂ ಕಡೆಯವರು ಅವಳನ್ನು ಬೀದಿಯಲ್ಲಿ ಅಟ್ಟಿಸಿಕೊಂಡು ಹೋಗುವುದು ಎಂದಿತ್ತು. ಓಡುವ ಶಕ್ತಿ ಅತ್ತಿಗೆಯಲ್ಲಿ ಉಳಿದಿರಲಿಲ್ಲ. ಹಾಗಾಗಿ ಒಬ್ಬರು ಯಾವ ಕಡೆಯವರೆಂದು ಕೇಳುವುದು, ಆಕೆ ಉತ್ತರ ಹೇಳದೆ ತಾಂಬೂಲದ ಚೀಲ ಹಿಡಿದು ಬಸ್ ಸ್ಟ್ಯಾಂಡಿನ ಕಡೆ ನಡೆದು ಹೋಗುವುದು, ಅಷ್ಟನ್ನೇ ತೆಗೆದು ಮುಗಿಸಿದ. ಮೈಸೂರಿನ ಸ್ಟುಡಿಯೋ ಒಂದರಲ್ಲಿ ಜೋಡಿಸಿ ತಂದು ಮನೆಯ ಟಿವಿಯಲ್ಲಿ ಹಾಕಿದಾಗ ಅತ್ತಿಗೆ ಗೋಡೆಗೆ ದಿಂಬು ಒರಗಿಸಿಕೊಂಡು ಪೂರ್ತಿ ನೋಡಿದರು. ನೋಡಿ, "ನನ್ ಮೂಗು ಇಷ್ಟ್ ಉದ್ದ ಐತಾ? ಯಾರೂ ಏಳೇ ಇಲ್ವಲ್ಲ" ಎಂದರು. ಟಿವಿ ಆರಿಸಿದ ಮೇಲೆ, "ಇದ್ನ ಜನರ ಮಧ್ಯೆ ಕೂತ್ಕಂಡು ನೋಡ್ಬೇಕು ಕಣ್ರೀ. ನಾವ್ ನಾವೇ ನೋಡುದ್ರೆ ಗೊತ್ತಾಗಕಿಲ್ಲ" ಅಂದರು. ಅದಾದ ಮೇಲೆ ಅವರು ಹೆಚ್ಚು ದಿನ ಬದುಕಲಿಲ್ಲ.

ಉತ್ಸವದ ಮೇಷ್ಟ್ರಿಗೆ ಈ ಚಿತ್ರದ ವಿಷಯ ಹೇಗೋ ತಿಳಿದು, ಅಣ್ಣನನ್ನು ಕೇಳಿಕೊಡಿ ಎಂದು ನನ್ನ ಹಿಂದೆ ಬಿದ್ದರು. ನಾನು ನರಸೀಪುರಕ್ಕೆ ಹೋದೆ. ಅಣ್ಣ ಸ್ಟುಡಿಯೋದಲ್ಲಿ ಒಬ್ಬನೇ ಕೂತು ಪಾಸ್‌ಪೋರ್ಟ್ ಫೋಟೋಗಳನ್ನು ಕತ್ತರಿಸುತ್ತಿದ್ದ. ಮಾತು ಮುಗಿಯುವ ಮುಂಚೆಯೇ ಬೇಡ ಎಂದುಬಿಟ್ಟ.

"ಅವಳ ನೋಡಿ ಜನ ನಗೋದ ನಾನ್ ಕೂತ್ಕಂಡು ನೋಡ್ಬೇಕಾ? ನಿಂಗೇನಾದ್ರೂ ಬುದ್ಧಿ ಐತಾ?"

"ಜನರ ಮಧ್ಯೆ ನೋಡ್ಬೇಕು ಅಂತ ಅತ್ತಿಗೇನೇ ಹೇಳಿದ್ರಲ್ಲಣ್ಣ."

"ಅವಳು ಏಳುದ್ಲು. ಅವಳು ಪಕ್ಕದಲ್ಲಿ ಕೂತ್ಕಂಡು ನೋಡ್ತೀನಿ ಅಂತ ಏಳುದ್ಲು" ಎಂದು ಕತ್ತರಿ ಕೆಳಗಿಟ್ಟ.

ನಾನು ಒತ್ತಾಯ ಮಾಡಲಿಲ್ಲ. ಕಾಫಿ ತರಿಸಿದ, ಕುಡಿದು ಹೊರಟೆ. ಉತ್ಸವಕ್ಕೆ ಕೆಲವೇ ದಿನಗಳಿವೆ ಎನ್ನುವಾಗ ಅವನೇ ಕ್ಯಾಸೆಟ್ ಹಿಡಿದು ನಂಜನಗೂಡಿಗೆ ಬಂದ. ಮೂಗೂರಿಗೆ ಹೋಗಿ ಅತ್ತಿಗೆಯ ತಾಯಿಗೆ ವಿಷಯ ಹೇಳಿದನಂತೆ. ಮಗಳು ಕರೆಯದ ಮದುವೆಗಳಿಗೆ ಹೋಗಿ ಉಣ್ಣುತ್ತಾಳೆ ಎಂದು ಅವಳು ಬದುಕಿದ್ದಾಗ ನಾಚಿಕೊಂಡಿದ್ದವರು ಅವರು. ಈಗ ಅವರು ಕೇಳಿದ್ದು ಒಂದೇ ಮಾತು: "ಅದ್ರಲ್ಲಿ ಅವಳು ಮಾತಾಡ್ತಾಳಾ?" ಮಾತಾಡುತ್ತಾಳೆ ಎಂದಾಗ, ಹಾಗಾದರೆ ನನ್ನನ್ನೂ ಕರೆದುಕೊಂಡು ಹೋಗು ಎಂದರಂತೆ.

ಉತ್ಸವ ಶುರುವಾಯಿತು. ಮಂಟಪದ ಕಿಟಕಿಗಳಿಗೆ ಕಪ್ಪು ಪ್ಲಾಸ್ಟಿಕ್ ಹೊಡೆದಿದ್ದರು. ವಧೂವರರು ಕೂರುವ ಜಾಗದಲ್ಲಿ ಬಿಳಿ ಪರದೆ ಕಟ್ಟಿತ್ತು. ಮೈಸೂರಿನಿಂದ ತಂದ ಪ್ರೊಜೆಕ್ಟರು ಬಿಸಿಯಾಗಿ ಆಗಾಗ ಮುಷ್ಕರ ಹೂಡುತ್ತಿತ್ತು. ಬರೆಯುವವಳೆಂದು ನನಗೆ ಹಿಂದಿನ ಬಾಗಿಲ ಬಳಿ ಒಂದು ಮೇಜು, ಒಂದು ಟಾರ್ಚು ಕೊಟ್ಟಿದ್ದರು. ಮೊದಲ ದಿನ ನೋಡಿದವುಗಳಲ್ಲಿ ಎರಡು ಚಿತ್ರಗಳು ಈಗಲೂ ನೆನಪಿವೆ. ಒಂದರಲ್ಲಿ ಕ್ಷೌರಿಕನ ಜೊತೆ ಜಗಳವಾಗಿ ಅರ್ಧ ತಲೆ ಬೋಳಾದವನು ಅದೇ ಸ್ಥಿತಿಯಲ್ಲಿ ಹೆಣ್ಣು ನೋಡಲು ಹೋಗುತ್ತಾನೆ. ಇನ್ನೊಂದರಲ್ಲಿ ಮಾತೇ ಇಲ್ಲ. ಸಂತೆಯಲ್ಲಿ ಮಂಚ ಕೊಂಡವನೊಬ್ಬ ಅದನ್ನು ಹೊತ್ತು ಊರಿಗೆ ನಡೆಯುತ್ತಾನೆ. ದಣಿವಾರಿಸಿಕೊಳ್ಳಲು ಕೆಳಗಿಳಿಸಿದಾಗೆಲ್ಲ ಯಾರೋ ಬಂದು ಅದರ ಮೇಲೆ ಮಲಗಿ ನಿದ್ದೆ ಮಾಡುತ್ತಾರೆ. ಇವನು ಅವರು ಏಳುವುದನ್ನು ಕಾಯುತ್ತಾ ನಿಲ್ಲುತ್ತಾನೆ. ಗಂಡಸಿಗೆ ಸೀರೆ ಉಡಿಸಿ ಕಿರುಚಾಡಿಸಿದ ಒಂದು ಚಿತ್ರಕ್ಕೆ ಮಂಟಪವೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಬರಲಿಲ್ಲ ಎಂದೇ ಬರೆದೆ. ಮಂಚದ ಚಿತ್ರ ತೆಗೆದವರಿಗೆ ಕಾಯುವವನ ಸಂಕಟ ಗೊತ್ತಿದೆ, ಅದರಿಂದಲೇ ನಗು ಹುಟ್ಟಿದೆ ಎಂದು ಬರೆದೆ. ಮೊದಲ ದಿನದ ಬರಹ ಸಲೀಸಾಗಿ ಹೋಯಿತು.

ಎರಡನೆಯ ದಿನ ಮಧ್ಯಾಹ್ನ ನಮ್ಮದು. ಅಣ್ಣ ಅತ್ತಿಗೆಯ ತಾಯಿಯನ್ನು ಬಸ್ಸಿನಲ್ಲಿ ಕರೆತಂದ. ನಾನೂ ಅವರನ್ನು ಅತ್ತೆ ಎಂದೇ ಕರೆಯುತ್ತಿದ್ದೆ. ಅತ್ತೆ ನಂಜುಂಡೇಶ್ವರನಿಗೆ ಕೈಮುಗಿದು, ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಬಂದರು. ನಾನು ಹಿಂದಿನ ಮೇಜು ಬಿಟ್ಟು ಮೊದಲ ಸಾಲಿನಲ್ಲಿ ಅವರ ಪಕ್ಕ ಕೂತೆ. ಅಣ್ಣ ಕೂರಲೇ ಇಲ್ಲ, ಬಾಗಿಲ ಬಳಿ ನಿಂತ.

ಪರದೆಯ ಮೇಲೆ ಅತ್ತಿಗೆ ಬಂದರು. ಮಂಟಪದ ಮೆಟ್ಟಿಲು ಹತ್ತುತ್ತಾ, ಪನ್ನೀರು ಚಿಮುಕಿಸುತ್ತಿದ್ದವನಿಗೆ, "ನಿಮ್ಮಪ್ಪ ಎಲ್ಲೋ? ಬೆಳಗ್ಗಿಂದ ಉಡುಕ್ತಾ ಇವ್ನಿ" ಎಂದರು. ಹಿಂದಿನಿಂದ ಮೊದಲ ನಗು ಎದ್ದಿತು. ಅತ್ತೆ ನನ್ನ ಮೊಣಕೈ ಹಿಡಿದುಕೊಂಡರು.

"ಆ ಸೀರೆ ನಾನ್ ಕೊಟ್ಟಿದ್ದು ಕಣ್ ಮಗ. ಗೌರಿ ಅಬ್ಬಕ್ಕೆ."

ನಗು ಹೆಚ್ಚುತ್ತಾ ಹೋಯಿತು. ಅತ್ತಿಗೆ ಆರತಿ ತಟ್ಟೆಯನ್ನು ಮದುಮಗಳ ಸೋದರತ್ತೆಯ ಕೈಯಿಂದಲೇ ತೆಗೆದುಕೊಂಡಾಗ ಹೆಂಗಸರು ಚಪ್ಪಾಳೆ ಹೊಡೆದರು. ಅತ್ತೆ ತಿರುಗಿ ಕತ್ತಲಲ್ಲಿ ನಗುತ್ತಿದ್ದ ಮುಖಗಳನ್ನು ನೋಡಿದರು.

"ಯಾಕ್ ಮಗ ಇಂಗ್ ನಗ್ತಾವೆ?"

"ಅತ್ತಿಗೆ ನಗಿಸ್ತಾ ಇದಾರೆ ಅತ್ತೆ. ಎಲ್ರಿಗೂ ಅವರು ಇಷ್ಟ ಆಗಿದಾರೆ."

ಅವರು ತಲೆಯಾಡಿಸಿ ಪರದೆಯ ಕಡೆ ತಿರುಗಿದರು. ಆಮೇಲೆ ಊಟದ ಪಂಕ್ತಿ ಬಂತು. ಒಬ್ಬಟ್ಟು ಯಜಮಾನರ ಎಲೆಗೆ ಸರಿದ ಕೂಡಲೇ ಮಂಟಪ ಅಲ್ಲಾಡುವ ಹಾಗೆ ನಗು. ಪಲ್ಯ ಸರಿದಾಗ ಇನ್ನೂ ಜೋರು. ನನ್ನ ಹಿಂದಿನ ಸಾಲಿನಲ್ಲಿ ಒಬ್ಬರು ಹೊಟ್ಟೆ ಹಿಡಿದುಕೊಂಡು ಕುರ್ಚಿಯಿಂದ ಜಾರಿದರು. ವಿಮರ್ಶಕಿಯಾಗಿ ನೋಡಿದರೆ ಇಡೀ ಉತ್ಸವದಲ್ಲಿ ಅಷ್ಟು ಹದವಾದ ದೃಶ್ಯ ಇನ್ನೊಂದಿರಲಿಲ್ಲ. ನನಗೆ ಕಾಣುತ್ತಿದ್ದದ್ದು ಸೊಂಟದಲ್ಲಿ ನಾನು ಚುಚ್ಚಿದ್ದ ಪಿನ್ನುಗಳು. ಬಾಗಿಲ ಕಡೆ ನೋಡಿದೆ. ಅಣ್ಣ ಹೊರಗೆ ಹೋಗಿಬಿಟ್ಟಿದ್ದ.

ಆ ದೃಶ್ಯದ ಬಗ್ಗೆ ಅತ್ತೆಗೆ ಯಾರೂ ಏನೂ ಹೇಳಿರಲಿಲ್ಲ. ಅಷ್ಟು ನಗುವಿನ ನಡುವೆ ಅವರು ನನ್ನ ಕಡೆ ಬಾಗಿ ಮೆಲ್ಲಗೆ ಅಂದರು: "ಅವಳ್ಗೆ ಉಣ್ಣಕ್ ಆಯ್ತಿಲ್ಲ, ನೋಡು."

ನಾನು ಅವರ ಕೈ ಹಿಡಿದುಕೊಂಡೆ.

ಕೊನೆಯ ದೃಶ್ಯ. ಗಂಡಿನ ಚಿಕ್ಕಪ್ಪ ಬಂದು ಅತ್ತಿಗೆಯನ್ನು ತಡೆದು, "ಅಮ್ಮ, ಕೇಳಕ್ ಮರ್ತೇಬಿಟ್ಟೆ. ನೀವು ಯಾವ ಕಡೆಯವ್ರು?" ಎಂದ. ಅತ್ತಿಗೆ ಅವನ ಮುಖವನ್ನೇ ನೋಡುತ್ತಾ ನಿಂತರು. ಅಷ್ಟರಲ್ಲಿ ಅತ್ತೆ ಕುರ್ಚಿಯ ಕೈ ಹಿಡಿದು ಎದ್ದು ನಿಂತು, "ನಮ್ ಕಡೆಯೋಳು ಕಣಪ್ಪ. ನನ್ ಮಗಳು" ಎಂದರು.

ಮಂಟಪವೆಲ್ಲ ಗೊಳ್ಳೆಂದಿತು. ಇದೂ ತಮಾಷೆಯ ಭಾಗವೇ ಅಂದುಕೊಂಡರು. ಹಿಂದಿನಿಂದ ಯಾರೋ "ಕೂತ್ಕೊಳಮ್ಮ, ಮರೆಯಾಗ್ತದೆ" ಎಂದು ಕೂಗಿದರು. ಅತ್ತೆ ಕೂರಲಿಲ್ಲ. ಪರದೆಯ ಬೆಳಕು ಅವರ ಮುಖದ ಮೇಲೆ ಬಿದ್ದಿತ್ತು, ಕಣ್ಣೀರು ಇಳಿಯುವುದು ಅಕ್ಕಪಕ್ಕದವರಿಗೆ ಕಂಡಿತು. ನಗು ಮೊದಲ ಸಾಲುಗಳಲ್ಲಿ ನಿಂತು, ಆಮೇಲೆ ಹಿಂದಿನ ಸಾಲುಗಳಲ್ಲೂ ನಿಂತಿತು. ಪರದೆಯ ಮೇಲೆ ಅತ್ತಿಗೆ ಬೆನ್ನು ತಿರುಗಿಸಿ ಬಸ್ ಸ್ಟ್ಯಾಂಡಿನ ಕಡೆ ನಡೆದು ಹೋದರು. ಅವರು ಕಾಣದಂತಾಗುವವರೆಗೂ ಅತ್ತೆ ನಿಂತೇ ಇದ್ದರು.

ದೀಪ ಹಾಕಿದ ಮೇಲೆ ಮೇಷ್ಟ್ರು ವೇದಿಕೆಗೆ ಬಂದು ಅಣ್ಣನನ್ನು ಎರಡು ಮಾತಾಡಲು ಕರೆದರು. ಅವನು ಒಳಗೆ ಬರಲಿಲ್ಲ. ನಾನು ಹೊರಗೆ ಹೋದಾಗ ಚಪ್ಪಲಿಗಳ ರಾಶಿಯ ಪಕ್ಕ ಮೆಟ್ಟಿಲ ಮೇಲೆ ಕೂತಿದ್ದ. ಕಾಲೇಜಿನ ಹುಡುಗಿಯೊಬ್ಬಳು ಅವನ ಹತ್ತಿರ ಬಂದು, "ಸರ್, ಆ ಆಕ್ಟ್ರೆಸ್ ಬಂದಿದಾರಾ? ಸೂಪರ್ ಆಗಿ ಮಾಡಿದಾರೆ" ಎಂದು ಕೇಳಿದಳು. ಒಳಗೆ ನಡೆದದ್ದು ಅವಳಿಗೆ ಪೂರ್ತಿ ಅರ್ಥವಾಗಿರಲಿಲ್ಲವೇನೋ.

"ಇಲ್ಲಮ್ಮ. ಬರಕ್ಕಾಗ್ಲಿಲ್ಲ" ಎಂದ ಅಣ್ಣ.

ಅವಳು ಹೋದ ಮೇಲೆ ನನಗೆ ಹೇಳಿದ: "ನೀನು ಬರೀತೀಯಲ್ಲ ಪೇಪರ್‌ಗೆ, ಅದ್ರಲ್ಲಿ ಅವಳು ಸತ್ತೋಗವ್ಳೆ ಅಂತ ಬರೀಬೇಡ. ಗೊತ್ತಾದ್ರೆ ಜನ ನಗಕಿಲ್ಲ. ಪಾಪ ಅನ್ತಾರೆ. ಅವಳ್ಗೆ ಪಾಪ ಅನ್ನಿಸ್ಕಳದು ಆಯ್ತಿರ್ಲಿಲ್ಲ."

ಮಾರನೆಯ ದಿನ ಊಟದ ಬಿಡುವಿನಲ್ಲಿ ಟೈಪ್‌ರೈಟರ್ ಮುಂದೆ ಕೂತೆ. ಮೊದಲು ಬರೆದದ್ದು ವಿಮರ್ಶೆಯಾಗಿರಲಿಲ್ಲ, ನನ್ನ ಅಳುವಾಗಿತ್ತು. ಹರಿದು ಹಾಕಿದೆ. ಬೇರೆಯವರ ಚಿತ್ರಗಳನ್ನು ಹೇಗೆ ನೋಡಿದ್ದೆನೋ ಹಾಗೇ ಇದನ್ನೂ ನೋಡಬೇಕು ಎಂದು ಮತ್ತೆ ಹಾಳೆ ಸೇರಿಸಿದೆ. ನಡುವೆ ಒಂದು ಮದುವೆ ಹೆಚ್ಚಾಯಿತು, ಅದನ್ನು ತೆಗೆದಿದ್ದರೆ ಚಿತ್ರ ಬಿಗಿಯಾಗುತ್ತಿತ್ತು ಎಂದು ಬರೆದೆ. ಓಲಗದ ಸದ್ದಿನಲ್ಲಿ ಒಳ್ಳೊಳ್ಳೆಯ ಮಾತುಗಳು ಮುಳುಗಿವೆ ಎಂದೂ ಬರೆದೆ. ಊಟದ ದೃಶ್ಯಕ್ಕೆ ಬಂದಾಗ ಬೆರಳು ನಿಂತಿತು. ಕೊನೆಗೆ, ಈ ನಟಿ ನಗಿಸಲು ಪ್ರಯತ್ನವನ್ನೇ ಮಾಡುವುದಿಲ್ಲ, ಮಾಡಬೇಕಾದ ಕೆಲಸವನ್ನು ಮಾಡಿ ಮುಗಿಸುತ್ತಾರೆ, ನಗು ತಾನಾಗಿ ಬರುತ್ತದೆ ಎಂದು ಬರೆದು ನಿಲ್ಲಿಸಿದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಸಂಪಾದಕರ ಫೋನು ಕಚೇರಿಗೇ ಬಂತು. "ಏನಮ್ಮಾ, ಬಹಳ ಚೆನ್ನಾಗಿದೆ. ಈಕೆಯ ಮುಂದಿನ ಚಿತ್ರ ಯಾವುದು ಅಂತ ಒಂದು ಸಾಲು ಸೇರಿಸೋಣ. ಕೇಳಿ ಹೇಳ್ತೀರಾ?"

"ಮುಂದಿನದು ಇಲ್ಲ ಸರ್."

"ಯಾಕೆ, ಬಿಟ್ಟುಬಿಟ್ರಾ?"

"ತೀರಿಕೊಂಡ್ರು. ನಮ್ಮ ಅತ್ತಿಗೆ ಅವರು. ಚಿತ್ರ ತೆಗೆದದ್ದು ನಮ್ಮಣ್ಣ."

ಸಂಪಾದಕರು ನಿಧಾನವಾಗಿ ಹೇಳಿದರು: "ನೀವು ನಿರ್ದೇಶಕರ ತಂಗಿ ಅನ್ನೋದು ಓದುವವರಿಗೆ ಗೊತ್ತಾಗಬೇಕಮ್ಮ. ಅದನ್ನ ಬಚ್ಚಿಡೋ ಹಾಗಿಲ್ಲ. ಇನ್ನೊಂದು ವಿಷಯ ಹಾಕಬೇಕೋ ಬೇಡವೋ?"

"ಬೇಡ ಸರ್. ಅಣ್ಣ ಬೇಡ ಅಂದಿದಾನೆ."

ವಿಮರ್ಶೆಯ ಕೆಳಗೆ, ಬರೆದವರು ನಿರ್ದೇಶಕರ ತಂಗಿ ಎಂಬ ಸಣ್ಣಕ್ಷರದ ಸಾಲು ಮಾತ್ರ ಬಂತು. ಮಿಕ್ಕದ್ದನ್ನು ಅವರು ಮುಟ್ಟಲಿಲ್ಲ. ಆ ವಾರವೆಲ್ಲ ಕಚೇರಿಗೆ ಬಂದವರು, "ಮೇಡಂ, ನಿಮ್ಮಣ್ಣನ ಸಿನಿಮಾ ಎಲ್ಲಿ ನೋಡಕ್ಕೆ ಸಿಕ್ತದೆ?" ಎಂದು ಕೇಳುತ್ತಿದ್ದರು.

ಅಣ್ಣನಿಗೆ ಅದರಿಂದ ಒಳ್ಳೆಯದಾಗಲಿಲ್ಲ. ಮದುವೆ ವಿಡಿಯೋಗೆ ಹೇಳಲು ಬಂದವರು, ಸಿನಿಮಾದಲ್ಲಿದ್ದ ಆ ಹೆಂಗಸನ್ನೂ ಕರೆದುಕೊಂಡು ಬನ್ನಿ, ನಮ್ಮ ಮದುವೆಯಲ್ಲೂ ಹಾಗೇ ಮಾಡಲಿ ಎಂದು ಖುಷಿಯಿಂದ ಹೇಳುತ್ತಿದ್ದರಂತೆ. ಪ್ರತಿ ಸಲ ಅವನು ವಿಷಯ ಹೇಳಬೇಕು, ಅವರು ಪೆಚ್ಚಾಗಬೇಕು. ಕೆಲವು ಕಾಲ ಹಾಗೆ ತಳ್ಳಿ, ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಕ್ಯಾಮೆರಾ ಆರಿಸಿ ಹೊರಗೆ ಬಂದವನು ಮತ್ತೆ ಮದುವೆಗಳನ್ನು ಒಪ್ಪಲಿಲ್ಲ. ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ, ಆಮೇಲೆ ಜೆರಾಕ್ಸ್. ಮತ್ತೆ ಮದುವೆಯಾಗು ಎಂದು ಹೇಳಿದವರಿಗೆ ಕಾಫಿ ತರಿಸಿ ಕುಡಿಸಿ ಕಳಿಸುತ್ತಿದ್ದ.

ಆದರೆ ಮೂಗೂರಿಗೆ ಹೋಗುವುದನ್ನು ಬಿಡಲಿಲ್ಲ. ಅತ್ತೆಯ ಮನೆಗೆ ಕ್ಯಾಸೆಟ್ ಹಾಕಿ ನೋಡುವ ಒಂದು ಹಳೆಯ ವಿಸಿಪಿ ಕೊಂಡೊಯ್ದು ಟಿವಿಗೆ ಜೋಡಿಸಿಕೊಟ್ಟ. ಅವರು ಬೇಕೆನಿಸಿದಾಗ ಪಕ್ಕದ ಮನೆಯವರನ್ನು ಕರೆದು ಕ್ಯಾಸೆಟ್ ಹಾಕಿಸಿಕೊಳ್ಳುತ್ತಿದ್ದರು. ನಾನು ಹೋಗಿದ್ದ ಒಂದು ಸಲ ಓಣಿಯ ಹೆಂಗಸರೆಲ್ಲ ಕೂತಿದ್ದರು. ಅತ್ತೆ, "ಈಗ ಬತ್ತದೆ ನೋಡಿ, ಈಗ" ಎಂದು ನಗುವ ಜಾಗಗಳನ್ನು ಮುಂಚಿತವಾಗಿ ತೋರಿಸುತ್ತಿದ್ದರು. ಊಟದ ಪಂಕ್ತಿ ಬಂದಾಗ ಮಾತ್ರ ಎದ್ದು ನೀರು ಕುಡಿಯಲು ಒಳಗೆ ಹೋದರು. ಹಾಕಿ ಹಾಕಿ ಟೇಪು ಸವೆದು ಮೊದಲು ಬಣ್ಣ ಹೋಯಿತು, ಆಮೇಲೆ ಅತ್ತಿಗೆಯ ದನಿ ನೀರೊಳಗಿಂದ ಬಂದಂತೆ ಕೇಳತೊಡಗಿತು. ಮೈಸೂರಿನ ಸ್ಟುಡಿಯೋದಲ್ಲಿದ್ದ ಮೂಲ ಪ್ರತಿಗೆ ಬೂಷ್ಟು ಹಿಡಿದಿತ್ತು, ಅದರಿಂದ ಇನ್ನೊಂದು ತೆಗೆಯಲಾಗಲಿಲ್ಲ. ದನಿ ಪೂರ್ತಿ ಅಡಗುವ ಮುಂಚೆ ಅತ್ತೆ ಹೋದರು. ಅಷ್ಟರ ಮಟ್ಟಿಗೆ ಒಳ್ಳೆಯದಾಯಿತು ಎಂದು ಅಣ್ಣ ಒಂದು ಸಲ ಹೇಳಿದ.

ಉತ್ಸವ ಒಂದೆರಡು ವರ್ಷ ನಡೆದು ನಿಂತಿತು. ಅತ್ತಿಗೆಯ ಚಿತ್ರದ ನಂತರ ಹಾಸ್ಯ ಚಿತ್ರಗಳ ವಿಮರ್ಶೆ ನನ್ನಿಂದ ಆಗುತ್ತಿರಲಿಲ್ಲ. ಜನ ನಕ್ಕ ಕೂಡಲೇ ಆ ನಗುವಿನ ಹಿಂದೆ ಯಾರಿಗೆ ಏನು ನೋವಿದೆಯೋ ಎಂದು ಹುಡುಕತೊಡಗುತ್ತಿದ್ದೆ. ಅಂಥವಳು ಬರೆದದ್ದನ್ನು ಓದಿ ಯಾರು ಸಿನಿಮಾಗೆ ಹೋಗುತ್ತಾರೆ? ಸಂಪಾದಕರಿಗೆ ಹೇಳಿ ಬೇರೆ ಬಗೆಯ ಚಿತ್ರಗಳನ್ನು ಕೇಳಿ ತೆಗೆದುಕೊಂಡೆ.

ಕೆಲವು ವರ್ಷಗಳ ನಂತರ ಮೇಷ್ಟ್ರು ನಿವೃತ್ತರಾಗುವ ಮುಂಚೆ ಮತ್ತೊಮ್ಮೆ ಉತ್ಸವ ಮಾಡಿದರು. ಬರೆಯಬೇಕಾಗಿಲ್ಲ, ಸುಮ್ಮನೆ ಬಂದು ನೋಡಿ ಎಂದು ಕರೆದರು. ಅಂದು ಹಾಕಿದ ಒಂದು ಚಿಕ್ಕ ಚಿತ್ರದಲ್ಲಿ ಮುದುಕನೊಬ್ಬ ಹೊಸದಾಗಿ ಮೊಬೈಲ್ ಕೊಂಡು, ಯಾರೂ ಫೋನು ಮಾಡುವುದಿಲ್ಲವಾದ್ದರಿಂದ ತನ್ನದೇ ನಂಬರಿಗೆ ಮಾಡುತ್ತಾನೆ. ಬಿಜಿ ಎಂದು ಬರುತ್ತದೆ. ಅವನು ಹೆಂಡತಿಯ ಕಡೆ ತಿರುಗಿ ಬಹಳ ಹೆಮ್ಮೆಯಿಂದ, "ನೋಡ್ದಾ, ಯಾರೋ ಮಾಡ್ತಾವ್ರೆ" ಎನ್ನುತ್ತಾನೆ. ನಾನು ನಕ್ಕುಬಿಟ್ಟೆ. ಜೋರಾಗಿ, ಕಣ್ಣಲ್ಲಿ ನೀರು ಬರುವ ಹಾಗೆ. ಎಷ್ಟು ಕಾಲವಾಗಿತ್ತೋ ಹಾಗೆ ನಕ್ಕು.

ಹೊರಗೆ ಬಂದ ಮೇಲೆ ಅಣ್ಣನಿಗೆ ಫೋನು ಮಾಡಿ ಅದನ್ನು ಹೇಳಿದೆ. ನನಗೆ ತಮಾಷೆ ಹೇಳಲು ಬರುವುದಿಲ್ಲ, ಮುಂಚೆಯೇ ನಗು ಬಂದು ಕೆಡುತ್ತದೆ. ಅವನು ಅಂಗಡಿಯಲ್ಲಿದ್ದ, ಹಿಂದೆ ಜೆರಾಕ್ಸ್ ಮಿಷನ್ನಿನ ಸದ್ದು ಕೇಳುತ್ತಿತ್ತು. ಹೇಳಿ ಮುಗಿಸಿದೆ. ಅವನು ನಗಲಿಲ್ಲ. ಮಿಷನ್ ನಿಲ್ಲಿಸಿದ.

"ಕೇಳುಸ್ಲಿಲ್ಲ ಸರಿಯಾಗಿ" ಎಂದ. "ಇನ್ನೊಂದ್ ಸತಿ ಏಳು, ನಿಧಾನಕ್ಕೆ."

ನಾನು ಮೊದಲಿನಿಂದ ಹೇಳತೊಡಗಿದೆ.